ಎಲ್ಲಿಂದ ಎಲ್ಲಿಗೆ?

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೆಂಗಳೂರಿನ ಹೊರವಲಯದ ಒಂದು ಡೇಟಾ ಸೆಂಟರಿನಲ್ಲಿ ನನಗೆ ರಾತ್ರಿ ಪಾಳಿ. ನಾವು ನೋಡಿಕೊಳ್ಳುತ್ತಿದ್ದ ಗ್ರಾಹಕರೊಬ್ಬರ ಲೆಕ್ಕಪತ್ರವೆಲ್ಲ ಎರಡು ಕಡೆ ಇರುತ್ತಿತ್ತು. ಒಂದು ಪ್ರತಿ ನಮ್ಮಲ್ಲಿ, ಅದರ ಪಡಿಯಚ್ಚು ಊರಿನ ಇನ್ನೊಂದು ತುದಿಯ ಕಟ್ಟಡದಲ್ಲಿ. ಇಲ್ಲಿ ಒಂದು ಅಕ್ಷರ ಬರೆದರೆ ಅಲ್ಲಿಯೂ ಅದೇ ಅಕ್ಷರ ಬೀಳಬೇಕು. ಆ ರಾತ್ರಿ ಹತ್ತರ ಸುಮಾರಿಗೆ ರಸ್ತೆ ಅಗೆಯುವವರು ನಡುವಿನ ಕೇಬಲ್ ಕತ್ತರಿಸಿದರು. ಅದು ಸರಿಹೋದದ್ದು ಎರಡೂವರೆಗೆ. ಅಷ್ಟು ಹೊತ್ತು ನಮ್ಮ ಕಡೆ ಬರವಣಿಗೆ ನಡೆದೇ ಇತ್ತು. ಆ ಕಡೆಯ ಪ್ರತಿ ಮಾತ್ರ ಹತ್ತು ಗಂಟೆಗೇ ನಿಂತುಹೋಗಿತ್ತು. ಈಗ ಎರಡನ್ನೂ ಮತ್ತೆ ಒಂದೇ ಆಗಿಸಬೇಕು. ಇದಕ್ಕೆ ನಮ್ಮ ಕೆಲಸದ ಭಾಷೆಯಲ್ಲಿ ರೀಸಿಂಕ್ ಎನ್ನುತ್ತಾರೆ.

ನಾನು ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತುವವನಿದ್ದೆ. ಹಿಂದೆ ನಿಂತಿದ್ದ ಹಿರಿಯ ಸಹೋದ್ಯೋಗಿ, ಕುಂದಾಪುರದ ಕಡೆಯವರು, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡದೆಯೇ ಕೇಳಿದರು: “ಎಲ್ಲಿಂದ ಎಲ್ಲಿಗೆ ಮಾರಾಯ?”

ಪರದೆ ನೋಡಿದೆ. ಮೂಲ ಎಂದು ಇರಬೇಕಾದ ಕಡೆ ಆ ಕಟ್ಟಡದ ಹಳೆಯ ಪ್ರತಿಯ ಹೆಸರಿತ್ತು. ಗುರಿಯ ಜಾಗದಲ್ಲಿ ನಮ್ಮದು. ಎಂಟರ್ ಒತ್ತಿದ್ದರೆ ಯಂತ್ರ ಚೂರೂ ತಕರಾರು ಮಾಡದೆ ಕೆಲಸ ಮುಗಿಸುತ್ತಿತ್ತು. ಎರಡೂ ಪ್ರತಿಗಳು ಸರಿಸಮ ಆಗುತ್ತಿದ್ದವು. ನಾಲ್ಕೂವರೆ ಗಂಟೆಯ ಲೆಕ್ಕ ಎರಡೂ ಕಡೆ ಒಂದೇ ರೀತಿ ಇಲ್ಲವಾಗುತ್ತಿತ್ತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಂಪ್ಯೂಟರಿನ ಇತಿಹಾಸ ಎಂದರೆ ನಾವು ಸಾಮಾನ್ಯವಾಗಿ ವೇಗದ ಕಥೆ ಹೇಳುತ್ತೇವೆ, ಇಲ್ಲವೇ ಗಾತ್ರದ ಕಥೆ. ನಕಲುಗಳ ಕಥೆಯೂ ಒಂದಿದೆ. ಎರಡು ಪ್ರತಿ ಇಟ್ಟುಕೊಂಡವರು, ಅವೆರಡೂ ಬೇರೆಯಾದಾಗ ಏನು ಮಾಡಿದರು ಎಂಬುದು ಆ ಕಥೆ. ತಾಳೆಗರಿ ಹಸ್ತಪ್ರತಿಗಳ ಪಾಠಾಂತರಗಳ ಬಗ್ಗೆ ಓದಿರುವವರಿಗೆ ಇದು ಅಪರಿಚಿತ ಅನ್ನಿಸಲಾರದು.

ಶುರು ಮಾಡಲು ಒಳ್ಳೆಯ ಜಾಗ ಕ್ಯಾಲಿಫೋರ್ನಿಯಾದ ಟ್ಯಾಂಡಮ್ ಕಂಪ್ಯೂಟರ್ಸ್. ಹ್ಯೂಲೆಟ್-ಪ್ಯಾಕರ್ಡ್‌ನಿಂದ ಹೊರಬಂದ ಜೇಮ್ಸ್ ಟ್ರೈಬಿಗ್ 1974ರಲ್ಲಿ ಕೆಲವು ಜೊತೆಗಾರರೊಡನೆ ಕಟ್ಟಿದ ಕಂಪನಿ ಅದು. ಅವರ ಮೊದಲ ಯಂತ್ರ 1976ರಲ್ಲಿ ಸಿಟಿಬ್ಯಾಂಕಿಗೆ ಹೋಯಿತು. ಆ ಸಾಲಿನ ಯಂತ್ರಗಳಿಗೆ ಬಂದ ಹೆಸರೇ ‘ನಾನ್‌ಸ್ಟಾಪ್’. ಒಂದು ಭಾಗ ಕೆಟ್ಟರೂ ಇಡೀ ಯಂತ್ರ ನಿಲ್ಲಬಾರದು ಎಂಬುದು ಅದರ ಹಿಂದಿನ ಯೋಚನೆ. ಪ್ರೊಸೆಸರ್ ಒಂದಕ್ಕಿಂತ ಹೆಚ್ಚು, ವಿದ್ಯುತ್ ಪೂರೈಕೆ ಒಂದಕ್ಕಿಂತ ಹೆಚ್ಚು, ಡಿಸ್ಕುಗಳೂ ಜೋಡಿ ಜೋಡಿ. ಬರೆಯುವುದನ್ನು ಎರಡೂ ಡಿಸ್ಕಿಗೆ ಬರೆ, ಓದುವುದನ್ನು ಯಾವುದಾದರೂ ಒಂದರಿಂದ ಓದು. ಇದನ್ನು ಮಿರರಿಂಗ್ ಎಂದರು.

ಜೋಡಿಯಲ್ಲಿ ಒಂದು ಡಿಸ್ಕ್ ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ಇಲ್ಲಿಯವರೆಗೆ ಸುಲಭ. ಆದರೆ ಸತ್ತದ್ದರ ಜಾಗಕ್ಕೆ ಹೊಸ ಡಿಸ್ಕ್ ತಂದು ಕೂರಿಸಿದಾಗ ಅದು ಖಾಲಿ. ಯಂತ್ರ ನಿಲ್ಲಿಸಿ ನಕಲು ಮಾಡೋಣ ಎಂದರೆ ‘ನಾನ್‌ಸ್ಟಾಪ್’ ಎಂಬ ಹೆಸರಿಗೇ ಅವಮಾನ. ಹಾಗಾಗಿ ಕೆಲಸ ನಡೆಯುತ್ತಿರುವಾಗಲೇ, ಹಿನ್ನೆಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಳೆಯದನ್ನು ಹೊಸದಕ್ಕೆ ತುಂಬಬೇಕಿತ್ತು. ಟ್ಯಾಂಡಮ್‌ನಲ್ಲಿ ಆ ಕಮಾಂಡಿನ ಹೆಸರು ‘ರಿವೈವ್’, ಅಂದರೆ ಮತ್ತೆ ಜೀವ ಕೊಡು. ಈ ತುಂಬುವಿಕೆ ಕಾಣುವಷ್ಟು ಸರಳವಲ್ಲ. ನಕಲು ಅರ್ಧ ದಾರಿಯಲ್ಲಿರುವಾಗ ಯಾರೋ ಹಣ ತೆಗೆಯುತ್ತಾರೆ, ಹೊಸ ಬರಹ ಬರುತ್ತದೆ. ಅದು ಈಗಾಗಲೇ ತುಂಬಿದ ಭಾಗಕ್ಕೆ ಬಂದರೆ ಎರಡೂ ಡಿಸ್ಕಿಗೆ ಬರೆಯಬೇಕು. ಇನ್ನೂ ತಲುಪದ ಭಾಗಕ್ಕೆ ಬಂದರೆ ಹಳೆಯದಕ್ಕೆ ಬರೆದರೂ ಸಾಕು, ನಕಲು ಮಾಡುವವನು ಅಲ್ಲಿಗೆ ಬಂದಾಗ ಅದನ್ನೂ ಎತ್ತಿಕೊಳ್ಳುತ್ತಾನೆ. ಸರಿಯಾಗಿ ಈಗ ನಕಲಾಗುತ್ತಿರುವ ತುಂಡಿಗೇ ಬಂದರೆ ಒಂದು ಕ್ಷಣ ಕಾಯಿಸಬೇಕು. ಹರಿಯುವ ನೀರಿನಲ್ಲಿ ನಿಂತು ಕಟ್ಟೆ ಕಟ್ಟುವ ಕೆಲಸ ಇದು.

ಕನ್ನಡಿ ಎಂಬ ಹೆಸರಿನಲ್ಲೇ ಒಂದು ತಪ್ಪು ಕಲ್ಪನೆ ಅಡಗಿದೆ ಎಂದು ನನಗೆ ಆಮೇಲೆ ಅರ್ಥವಾಯಿತು. ಕನ್ನಡಿಯಲ್ಲಿ ನಾವು ಕೈ ಎತ್ತಿದರೆ ಬಿಂಬವೂ ಆಗಲೇ ಕೈ ಎತ್ತುತ್ತದೆ. ಎರಡು ಡಿಸ್ಕುಗಳು ಹಾಗಲ್ಲ. ಅವು ಎರಡು ಬೇರೆ ಯಂತ್ರಗಳು, ತಮ್ಮ ತಮ್ಮ ವೇಗದಲ್ಲಿ ತಿರುಗುವಂಥವು. ಒಂದರಲ್ಲಿ ಬರಹ ಮುಗಿದು ಇನ್ನೊಂದರಲ್ಲಿ ಮುಗಿಯುವ ಮುನ್ನ ಒಂದು ಸಣ್ಣ ಸಂದು ಇದ್ದೇ ಇರುತ್ತದೆ. ಬರೆಸುತ್ತಿದ್ದ ಕಂಪ್ಯೂಟರ್ ಆ ಸಂದಿನಲ್ಲೇ ಕುಸಿದುಬಿದ್ದರೆ? ಎರಡೂ ಡಿಸ್ಕು ಗಟ್ಟಿಯಾಗಿವೆ, ಯಾವುದೂ ಕೆಟ್ಟಿಲ್ಲ. ಆದರೆ ಒಂದರಲ್ಲಿ ಹೊಸದಿದೆ, ಇನ್ನೊಂದರಲ್ಲಿ ಹಳೆಯದು.

1980ರ ದಶಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತನ್ನ ವ್ಯಾಕ್ಸ್ ಯಂತ್ರಗಳಿಗೆ ಇಂಥ ಜೋಡಿ ಡಿಸ್ಕುಗಳ ವ್ಯವಸ್ಥೆ ಮಾಡಿತು. ಅವರು ಕನ್ನಡಿ ಎನ್ನಲಿಲ್ಲ, ನೆರಳು ಎಂದರು: ‘ವಾಲ್ಯೂಮ್ ಶ್ಯಾಡೋಯಿಂಗ್’. ಎರಡು ಬಗೆಯ ಸರಿಪಡಿಸುವಿಕೆಯನ್ನು ಅವರು ಬೇರೆ ಬೇರೆ ಹೆಸರಿಟ್ಟು ಗುರುತಿಸಿದರು. ಖಾಲಿ ಅಥವಾ ಹಳತಾದ ಡಿಸ್ಕಿಗೆ ಚಾಲ್ತಿಯಲ್ಲಿರುವ ಡಿಸ್ಕಿನಿಂದ ತುಂಬುವುದು ‘ಕಾಪಿ’. ಇಲ್ಲಿ ಮೂಲ ಯಾವುದು ಎಂಬುದರಲ್ಲಿ ಅನುಮಾನವಿಲ್ಲ. ಕಂಪ್ಯೂಟರ್ ಕುಸಿದಾಗ, ಎರಡೂ ಡಿಸ್ಕು ಸಮಾನ ಯೋಗ್ಯತೆಯವು ಆಗಿರುವಾಗ ಮಾಡುವುದು ‘ಮರ್ಜ್’. ಇಲ್ಲಿ ಮೂಲವೇ ಇಲ್ಲ.

ಮೂಲವೇ ಇಲ್ಲದ ಮೇಲೆ ಯಾವುದನ್ನು ನಂಬುವುದು? ಅವರ ಉತ್ತರ ಮೊದಲು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಯಾವುದಾದರೂ ಆಗುತ್ತದೆ. ಒಂದನ್ನು ಆರಿಸಿ ಇನ್ನೊಂದನ್ನು ಅದರಂತೆ ಮಾಡಿದರೆ ಸಾಕು. ಇದು ಉಡಾಫೆಯ ಮಾತಲ್ಲ. ಎರಡೂ ಡಿಸ್ಕಿನಲ್ಲಿ ಬರೆದು ಮುಗಿಯುವವರೆಗೆ ವ್ಯವಸ್ಥೆ ‘ಆಯಿತು’ ಎಂದು ಹೇಳುವುದಿಲ್ಲ. ಕುಸಿದ ಗಳಿಗೆಯಲ್ಲಿ ಆ ಬರಹಕ್ಕೆ ‘ಆಯಿತು’ ಎಂಬ ಮಾತು ಇನ್ನೂ ಸಿಕ್ಕಿರಲಿಲ್ಲ. ಮಾತು ಕೊಟ್ಟಿಲ್ಲದ ಮೇಲೆ ಹಳೆಯದು ಉಳಿದರೂ ಸುಳ್ಳಾಗುವುದಿಲ್ಲ, ಹೊಸದು ಉಳಿದರೂ ಸುಳ್ಳಾಗುವುದಿಲ್ಲ. ಆಗಬಾರದ್ದು ಒಂದೇ: ಬೆಳಿಗ್ಗೆ ಕೇಳಿದವರಿಗೆ ಒಂದು ಉತ್ತರ, ಸಂಜೆ ಕೇಳಿದವರಿಗೆ ಇನ್ನೊಂದು. ಎರಡು ನಾಲಿಗೆ ಇರಬಾರದು ಅಷ್ಟೆ.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಒಮ್ಮೆ ‘ಆಯಿತು’ ಎಂದ ಮೇಲೆ ಯಾವುದಾದರೂ ನಡೆಯುತ್ತದೆ ಎಂಬ ಸ್ವಾತಂತ್ರ್ಯ ಮುಗಿಯಿತು. ನನ್ನ ಆ ರಾತ್ರಿಯ ನಾಲ್ಕೂವರೆ ಗಂಟೆಯ ಪ್ರತಿ ಬರಹಕ್ಕೂ ನಮ್ಮ ಕಡೆಯ ಯಂತ್ರ ‘ಆಯಿತು’ ಎಂದು ಹೇಳಿಯಾಗಿತ್ತು.

ಈ ನಡುವೆ ಡಿಸ್ಕುಗಳು ಬೆಳೆಯುತ್ತಿದ್ದವು. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 50 ತಟ್ಟೆಗಳು. ಎಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಅಂಥದ್ದನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡುವುದು ದೊಡ್ಡ ಮಾತಲ್ಲ. ಒಂದು ಟೆರಾಬೈಟ್ ಡಿಸ್ಕಿನ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ, ಬೇರೇನೂ ಕೆಲಸವಿಲ್ಲದೆ ನಕಲು ಮಾಡಿದರೂ 10,000 ಸೆಕೆಂಡು, ಅಂದರೆ ಎರಡೂಮುಕ್ಕಾಲು ಗಂಟೆ. ಗ್ರಾಹಕರ ಕೆಲಸವೂ ಜೊತೆಗೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಪೂರ್ಣವಾಗಿರುವುದು ಒಂದೇ ಪ್ರತಿ. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ‘ರೇಡ್’ ಎಂಬ ಹೆಸರು ಕೊಟ್ಟ ಪ್ರಸಿದ್ಧ ಪ್ರಬಂಧದಲ್ಲಿ ಮಿರರಿಂಗ್ ಅನ್ನು ಮೊದಲ ಮಟ್ಟ ಎಂದು ಕರೆದು, ಎಲ್ಲಕ್ಕಿಂತ ದುಬಾರಿ ದಾರಿ ಇದು ಎಂದರು. ಪ್ರತಿ ಡಿಸ್ಕಿಗೂ ಇನ್ನೊಂದು ಡಿಸ್ಕ್ ಕೊಳ್ಳಬೇಕಲ್ಲ! ಆದರೂ ಬ್ಯಾಂಕುಗಳು ಅದನ್ನು ಬಿಡಲಿಲ್ಲ.

ಸಮಯದ ಸಮಸ್ಯೆಗೆ ಸಿಕ್ಕ ಪರಿಹಾರ ತುಂಬಾ ಸಾಧಾರಣವಾದದ್ದು. ಶಾಲೆಯ ಹಾಜರಿ ಪುಸ್ತಕದಂಥದ್ದು. ಡಿಸ್ಕನ್ನು ಸಣ್ಣ ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿ ತುಂಡಿಗೂ ಒಂದು ಮನೆಯಿರುವ ಪಟ್ಟಿ ಮಾಡು. ಜೋಡಿ ತಪ್ಪಿದ ಮೇಲೆ ಯಾವ ತುಂಡಿಗೆ ಬರೆದೆಯೋ ಆ ಮನೆಯಲ್ಲಿ 1 ಎಂದು ಗುರುತು ಹಾಕು. ಮತ್ತೆ ಜೋಡಿ ಸೇರಿದಾಗ ಇಡೀ ಡಿಸ್ಕ್ ಬೇಡ, 1 ಇರುವ ತುಂಡುಗಳನ್ನಷ್ಟೇ ಕಳಿಸು. ಇದೇ ಬಿಟ್‌ಮ್ಯಾಪ್. 4 ಕಿಲೋಬೈಟಿನ ತುಂಡು ಎಂದಿಟ್ಟುಕೊಂಡರೆ ಒಂದು ಟೆರಾಬೈಟಿನಲ್ಲಿ ಸುಮಾರು 24 ಕೋಟಿ ತುಂಡುಗಳು. ಅಷ್ಟಕ್ಕೂ ಒಂದೊಂದು ಬಿಟ್ ಇಟ್ಟರೆ ಪಟ್ಟಿಯ ಗಾತ್ರ ಸುಮಾರು 30 ಮೆಗಾಬೈಟ್ ಮಾತ್ರ. ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲಿ ಮೊದಲು ಬಂದ ಈ ಬಗೆಯ ಪಟ್ಟಿ 2005ರ ಹೊತ್ತಿಗೆ ಲಿನಕ್ಸ್‌ಗೂ ಬಂತು. ಗಂಟೆಗಳು ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು.

ಇದರಲ್ಲಿ ಒಂದು ಶಿಸ್ತು ಮುಖ್ಯ. ಮೊದಲು ಪಟ್ಟಿಯಲ್ಲಿ ಗುರುತು, ಆಮೇಲೆ ಡಿಸ್ಕಿನಲ್ಲಿ ಬರಹ. ಗುರುತು ಹಾಕಿ, ಬರೆಯುವ ಮೊದಲೇ ಕರೆಂಟು ಹೋದರೆ ಒಂದು ತುಂಡನ್ನು ಸುಮ್ಮನೆ ಇನ್ನೊಮ್ಮೆ ಕಳಿಸಿದಂತಾಗುತ್ತದೆ, ನಷ್ಟವಿಲ್ಲ. ಬರೆದು, ಗುರುತು ಹಾಕುವ ಮೊದಲೇ ಹೋದರೆ ಆ ವ್ಯತ್ಯಾಸ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಬಿಟ್‌ಮ್ಯಾಪ್ ತಂದ ಅಪಾಯವೊಂದಿದೆ. ನನ್ನ ರಾತ್ರಿಯನ್ನೇ ನೆನಪಿಸಿಕೊಳ್ಳಿ. ಹತ್ತರಿಂದ ಎರಡೂವರೆಯವರೆಗೆ ಎಲ್ಲೆಲ್ಲಿ ಹೊಸತು ಬರೆದಿದೆ ಎಂಬುದು ಪಟ್ಟಿಗೆ ನಿಖರವಾಗಿ ಗೊತ್ತು. ನಾನು ದಿಕ್ಕು ತಪ್ಪಿಸಿದ್ದರೆ ಯಂತ್ರ ಅದೇ ಪಟ್ಟಿ ಹಿಡಿದು, ಹೊಸತಿರುವ ತುಂಡುಗಳನ್ನೇ ಹುಡುಕಿ ಹುಡುಕಿ, ಅವುಗಳ ಮೇಲೆ ಮಾತ್ರ ಹಳೆಯದನ್ನು ಬರೆಯುತ್ತಿತ್ತು. ಹಿಂದಿನವರು ಇಡೀ ಡಿಸ್ಕ್ ನಕಲು ಮಾಡುತ್ತಿದ್ದಾಗ ತಪ್ಪು ಗೊತ್ತಾಗಿ ನಡುವೆ ನಿಲ್ಲಿಸಲು ಒಂದಷ್ಟು ಸಮಯವಾದರೂ ಸಿಗುತ್ತಿತ್ತು. ನನಗೆ ಕೆಲವೇ ನಿಮಿಷ ಇರುತ್ತಿತ್ತು.

ಒಂದೇ ಕೋಣೆಯಲ್ಲಿದ್ದ ಜೋಡಿಯನ್ನು ಬೇರೆ ಬೇರೆ ಊರಿಗೆ ಕಳಿಸಿದ್ದು ಮುಂದಿನ ಹೆಜ್ಜೆ. ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದಲ್ಲ. ಅಮೆರಿಕದ ಇಎಂಸಿ ಕಂಪನಿ 1990ರಲ್ಲಿ ಸಿಮೆಟ್ರಿಕ್ಸ್ ಎಂಬ ಸ್ಟೋರೇಜ್ ಯಂತ್ರ ತಂದು, 1994ರಲ್ಲಿ ಅದಕ್ಕೆ ಎಸ್‌ಆರ್‌ಡಿಎಫ್ ಎಂಬ ಸೌಲಭ್ಯ ಸೇರಿಸಿತು. ಒಂದು ಕಡೆಯ ಸಿಮೆಟ್ರಿಕ್ಸ್ ತನ್ನ ಬರಹವನ್ನು ದೂರದ ಇನ್ನೊಂದು ಸಿಮೆಟ್ರಿಕ್ಸ್‌ಗೆ ತಾನೇ ಕಳಿಸುತ್ತಿತ್ತು. ನಡುವಿನ ಕೊಂಡಿ ಕಡಿದರೆ ಕಳಿಸಲಾಗದ ತುಂಡುಗಳನ್ನು ಬಾಕಿ ಎಂದು ಗುರುತಿಟ್ಟುಕೊಂಡು, ಕೊಂಡಿ ಬಂದ ಮೇಲೆ ಬಾಕಿ ತೀರಿಸುತ್ತಿತ್ತು.

ಬಾಕಿ ತೀರಿಸುವ ಈ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು ಎಂಬುದು ಹೊಸಬರಿಗೆ ಥಟ್ಟನೆ ಹೊಳೆಯುವುದಿಲ್ಲ. ಕೊಂಡಿ ಕಡಿದಿದ್ದಾಗ ದೂರದ ಪ್ರತಿ ಹಳೆಯದಾಗಿದ್ದರೂ ಅರ್ಥವಿರುವ ಪ್ರತಿ. ನಿನ್ನೆಯ ದಿನಪತ್ರಿಕೆಯ ಹಾಗೆ, ಸುದ್ದಿ ಹಳತು, ಆದರೆ ಓದಬಹುದು. ಬಾಕಿ ತುಂಡುಗಳನ್ನು ಕಳಿಸುವಾಗ ಅವು ಬರೆದ ಅನುಕ್ರಮದಲ್ಲಿ ಹೋಗುವುದಿಲ್ಲ. ಯಾವುದು ಮೊದಲು ಬರೆದದ್ದು ಎಂಬ ನೆನಪು ಪಟ್ಟಿಗಿಲ್ಲ. ಅದಕ್ಕೆ ಗೊತ್ತಿರುವುದು ಯಾವುದು ಬದಲಾಗಿದೆ ಎಂಬುದು ಮಾತ್ರ. ಹಾಗಾಗಿ ಒಬ್ಬರ ಖಾತೆಗೆ ಜಮಾ ಆದದ್ದು ಮೊದಲು ತಲುಪಿ, ಇನ್ನೊಬ್ಬರ ಖಾತೆಯಿಂದ ಕಳೆದದ್ದು ಆಮೇಲೆ ತಲುಪಬಹುದು. ಕೊನೆಯ ತುಂಡು ಸೇರುವವರೆಗೆ ಆ ಪ್ರತಿ ನಿನ್ನೆಯದೂ ಅಲ್ಲ, ಇಂದಿನದೂ ಅಲ್ಲ. ಸರಿಯಾಗಿ ಆಗಲೇ ಮೂಲದ ಕಟ್ಟಡಕ್ಕೆ ಬೆಂಕಿ ಬಿದ್ದರೆ ಕೈಯಲ್ಲಿ ಉಳಿಯುವುದು ಕಲಸುಮೇಲೋಗರ. ಅನುಭವಿಗಳು ರೀಸಿಂಕ್ ಶುರು ಮಾಡುವ ಮೊದಲು ದೂರದ ಹಳೆಯ ಪ್ರತಿಯ ಇನ್ನೊಂದು ನಕಲನ್ನು ತೆಗೆದು ಪಕ್ಕಕ್ಕಿಡುವುದು ಇದಕ್ಕೇ. ಗುಣಪಡಿಸುವ ಮೊದಲು ರೋಗಿಯನ್ನು ಇದ್ದಂತೆಯೇ ಒಮ್ಮೆ ಕಾಪಾಡಿಕೊಳ್ಳಬೇಕು.

ಇನ್ನು ದಿಕ್ಕಿನ ಪ್ರಶ್ನೆ. ನಾನು ತಡವರಿಸಿದ ಪ್ರಶ್ನೆಯನ್ನು ಯಂತ್ರವೇ ಬಿಡಿಸಲಾರದೇ? ಅದಕ್ಕೆ ನಾನು ಕಂಡ ಚೆಂದದ ಪ್ರಯತ್ನ ವಿಯೆನ್ನಾದ್ದು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ರೈಸ್ನರ್ ತಮ್ಮ ಓದಿನ ಭಾಗವಾಗಿ ಶುರು ಮಾಡಿದ ಡಿಆರ್‌ಬಿಡಿ ಎಂಬ ತಂತ್ರಾಂಶ ಎರಡು ಲಿನಕ್ಸ್ ಯಂತ್ರಗಳ ಡಿಸ್ಕುಗಳನ್ನು ಜಾಲದ ಮೂಲಕ ಜೋಡಿಸುತ್ತದೆ. 2010ರಲ್ಲಿ ಅದು ಲಿನಕ್ಸ್‌ನ ಮುಖ್ಯ ಭಾಗಕ್ಕೇ ಸೇರಿತು. ಅದು ಪ್ರತಿ ಪ್ರತಿಗೂ ಒಂದು ಸಣ್ಣ ವಂಶಾವಳಿ ಇಡುತ್ತದೆ. ಜೋಡಿ ಬೇರೆಯಾದ ಮೇಲೂ ಬರೆಯುತ್ತ ಮುಂದುವರಿದವನು ತನಗೊಂದು ಹೊಸ ಗುರುತು ಪಡೆಯುತ್ತಾನೆ, ಹಳೆಯ ಗುರುತನ್ನೂ ಜೊತೆಗೆ ಇಟ್ಟುಕೊಳ್ಳುತ್ತಾನೆ. ಮತ್ತೆ ಭೇಟಿಯಾದಾಗ ಇಬ್ಬರೂ ಗುರುತು ತೋರಿಸುತ್ತಾರೆ. ನಿನ್ನ ಹಳೆಯ ಗುರುತೇ ನನ್ನ ಈಗಿನ ಗುರುತಾಗಿದ್ದರೆ ನೀನು ನನ್ನಿಂದಲೇ ಮುಂದೆ ಹೋದವನು, ನಾನು ಹಿಂದೆ ಉಳಿದವನು. ನಿನ್ನಿಂದ ನನಗೆ ತುಂಬಲಿ. ಸೋಲು ಗೆಲುವಿಲ್ಲ, ಜಗಳವಿಲ್ಲ.

ಇಬ್ಬರ ಹಳೆಯ ಗುರುತು ಒಂದೇ ಆಗಿ, ಈಗಿನ ಗುರುತು ಬೇರೆ ಬೇರೆ ಆಗಿದ್ದರೆ? ಅಂದರೆ ಹಿಸೆಯಾದ ಮೇಲೆ ಇಬ್ಬರೂ ಸ್ವಂತವಾಗಿ ಬರೆದಿದ್ದಾರೆ. ಇಬ್ಬರೂ ಯಾರಿಗೋ ‘ಆಯಿತು’ ಎಂದು ಮಾತು ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಇದನ್ನು ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ನನಗೆ ನಮ್ಮ ದಾಯಾದಿ ಎಂಬ ಪದವೇ ಹೆಚ್ಚು ಒಪ್ಪುತ್ತದೆ. ಕಿರಿಯನದನ್ನು ಬಿಡು, ಹಿರಿಯನದನ್ನು ಬಿಡು, ಕಡಿಮೆ ಬರೆದವನದನ್ನು ಬಿಡು ಎಂದು ಡಿಆರ್‌ಬಿಡಿಗೆ ಮೊದಲೇ ಹೇಳಿಡಬಹುದು. ಏನೂ ಹೇಳದಿದ್ದರೆ ಅದು ತೀರ್ಪು ಕೊಡುವುದಿಲ್ಲ. ಕೊಂಡಿ ಕಳಚಿಕೊಂಡು ಮನುಷ್ಯರಿಗಾಗಿ ಕಾಯುತ್ತದೆ.

ಮನುಷ್ಯರ ಮುಂದೆ ಇಂಥ ವ್ಯಾಜ್ಯ ಬಂದು ನಿಂತದ್ದು 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ. ಅಲ್ಲಿ ಬೇರೆಯಾದದ್ದು ಡಿಸ್ಕುಗಳಲ್ಲ, ಡೇಟಾಬೇಸ್ ಪ್ರತಿಗಳು. ಆದರೆ ಪ್ರಶ್ನೆ ಇದೇ. ಜಾಲದ ಉಪಕರಣವೊಂದನ್ನು ಬದಲಿಸುವಾಗ ಅಮೆರಿಕದ ಪೂರ್ವ ತೀರದ ಅವರ ಮುಖ್ಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡು ತಪ್ಪಿತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ತೀರದ ಪ್ರತಿಗೆ ಯಜಮಾನಿಕೆ ಕೊಟ್ಟಿತು. ಪೂರ್ವದಲ್ಲಿ ಆಗಷ್ಟೇ ಬರೆದ ಕೆಲವು ಬರಹಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲೋ ಹೊಸ ಬರಹ ಸೇರುತ್ತಲೇ ಹೋಯಿತು. ಬೇಗ ಸರಿಪಡಿಸುವುದೇ ಮುಖ್ಯವಾಗಿದ್ದರೆ ಒಂದು ಕಡೆಯದನ್ನು ಅಳಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಾಣ ಕುಂಟಿದರೂ ಸರಿ, ಬಳಕೆದಾರರ ದತ್ತಾಂಶ ಹೋಗಬಾರದು ಎಂದು ನಿರ್ಧರಿಸಿದರು. 43 ಸೆಕೆಂಡಿನ ಅಗಲಿಕೆ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಪೂರ್ವದಲ್ಲೇ ಉಳಿದುಹೋದ ಬರಹಗಳ ದಾಖಲೆಯನ್ನು ಎತ್ತಿಟ್ಟುಕೊಂಡರು. ಅವರ ಬಹಳ ಚಟುವಟಿಕೆಯ ಒಂದು ಸಮೂಹದಲ್ಲಿ ಅಂಥವು 954 ಇದ್ದವು ಎಂದು ತಮ್ಮ ವರದಿಯಲ್ಲಿ ತಾವೇ ಹೇಳಿಕೊಂಡರು.

ಈ 954 ನನಗೆ ಇಷ್ಟವಾಗುವ ಸಂಖ್ಯೆ. ಗ್ರಂಥಸಂಪಾದನೆ ಮಾಡುವವರು ಎರಡು ಹಸ್ತಪ್ರತಿಗಳಲ್ಲಿ ಒಂದರ ಪಾಠವನ್ನು ಆರಿಸಿಕೊಳ್ಳಲೇಬೇಕು. ಆದರೆ ಬಿಟ್ಟ ಪಾಠವನ್ನು ಎಸೆಯುವುದಿಲ್ಲ, ಪುಟದ ಅಡಿಯಲ್ಲಿ ಕೊಡುತ್ತಾರೆ. ತಾವು ತಪ್ಪಿದ್ದರೆ ಮುಂದಿನವರು ತಿದ್ದಲಿ ಎಂದು. ಡಿಸ್ಕಿಗೆ ಅಡಿಟಿಪ್ಪಣಿ ಇಲ್ಲ. ಒಂದು ತುಂಡಿನ ಮೇಲೆ ಇನ್ನೊಂದು ಬಿದ್ದರೆ ಕೆಳಗಿನದು ಹೋಯಿತು. ಅಡಿಟಿಪ್ಪಣಿ ಬೇಕಿದ್ದರೆ ಅದನ್ನು ಮನುಷ್ಯರೇ ಎಚ್ಚರವಾಗಿ ಬರೆದಿಡಬೇಕು.

ಟ್ಯಾಂಡಮ್‌ನಲ್ಲೇ ಕೆಲಸ ಮಾಡುತ್ತಿದ್ದ, ಮುಂದೆ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ 1985ರಲ್ಲಿ ಒಂದು ವರದಿ ಬರೆದರು. ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂಬುದು ಅದರ ವಿಷಯ. ಎಲ್ಲವೂ ಜೋಡಿಯಾಗಿರುವ ತಮ್ಮ ಕಂಪನಿಯ ಯಂತ್ರಗಳು ಗ್ರಾಹಕರಲ್ಲಿ ನಿಂತುಹೋದ ಪ್ರಕರಣಗಳನ್ನು ಅವರು ವಿಂಗಡಿಸಿ ನೋಡಿದ್ದರು. ಯಂತ್ರಭಾಗಗಳು ಕೆಟ್ಟು ನಿಂತದ್ದು ಶೇ. 18. ನಿರ್ವಹಣೆ ಮಾಡುವ, ರಿಪೇರಿ ಮಾಡುವ, ಕಮಾಂಡ್ ಕೊಡುವ ಮನುಷ್ಯರ ಕಡೆಯಿಂದ ಆದದ್ದು ಶೇ. 42. ಡಿಸ್ಕಿಗೆ ಜೋಡಿ ಕೊಟ್ಟರು, ಪ್ರೊಸೆಸರಿಗೆ ಜೋಡಿ ಕೊಟ್ಟರು. ಕಮಾಂಡ್ ಟೈಪ್ ಮಾಡುವ ಕೈಗೆ ಮಾತ್ರ ಜೋಡಿ ಇರಲಿಲ್ಲ.

ಆ ರಾತ್ರಿ ನನಗೆ ಇತ್ತು. ಹಿರಿಯರು ಕಮಾಂಡ್ ಅಳಿಸಲು ಹೇಳಲಿಲ್ಲ, ಬೈಯಲೂ ಇಲ್ಲ. ಪಕ್ಕದ ಕುರ್ಚಿ ಎಳೆದು ಕೂತರು. “ಕೊನೇ ಬರಹ ಯಾವ ಕಡೆ ಬಿದ್ದದ್ದು, ಎಷ್ಟು ಹೊತ್ತಿಗೆ? ಮೊದಲು ಅದನ್ನು ಕಾಗದದಲ್ಲಿ ಬರಿ. ಮತ್ತೆ ಆ ಕಡೆಯ ಪ್ರತಿಯನ್ನೊಂದು ತೆಗೆದಿಡು. ಆಮೇಲೆ ನೋಡುವ” ಎಂದರು. ಬರೆದೆ, ತೆಗೆದಿಟ್ಟೆ, ಬಾಣದ ಗುರುತು ಹಾಕಿ ಎಲ್ಲಿಂದ ಎಲ್ಲಿಗೆ ಎಂದು ಅವರಿಗೆ ಓದಿ ಹೇಳಿದೆ. ಅವರು ಹೂಂ ಅಂದ ಮೇಲೆ ಎಂಟರ್ ಒತ್ತಿದೆ. ಇಪ್ಪತ್ತು ನಿಮಿಷಕ್ಕೆ ಎರಡೂ ಪ್ರತಿ ಒಂದಾದವು. ಅವರ ಚಹಾ ಅಷ್ಟರಲ್ಲಿ ಆರಿಹೋಗಿತ್ತು.

ಅವರು ನಿವೃತ್ತರಾಗಿ ಊರಿಗೆ ಹೋದರು. ಈಗ ರಾತ್ರಿ ಪಾಳಿಯ ಹುಡುಗ ಹುಡುಗಿಯರ ಹಿಂದೆ ಕೆಲವೊಮ್ಮೆ ನಾನು ನಿಂತಿರುತ್ತೇನೆ. ತಂತ್ರಾಂಶಗಳು ಎಷ್ಟೋ ಜಾಣವಾಗಿವೆ, ದಿಕ್ಕನ್ನು ಬಹುಪಾಲು ತಾವೇ ಕಂಡುಕೊಳ್ಳುತ್ತವೆ. ಆದರೂ ಅವರು ಎಂಟರ್ ಒತ್ತುವ ಮುನ್ನ ನಾನು ಕೇಳುತ್ತೇನೆ. ನನ್ನ ಬಾಯಲ್ಲಿ ‘ಮಾರಾಯ’ ಅಷ್ಟು ಸರಿಯಾಗಿ ಕೂರುವುದಿಲ್ಲ, ಉಳಿದ ಮಾತು ಮಾತ್ರ ಹಾಗೆಯೇ ಇದೆ.